ಹೊಣೆ ಹೊರಲು ಕಲಿಸಿದವರು ಯಾರು?

2024ರ ಆಗಸ್ಟ್ 5. ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯದಲ್ಲಿ ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಮೊದಲ ಗೇಮನ್ನು 21–13ರಿಂದ ಗೆದ್ದರೂ ಕೊನೆಗೆ ಮಲೇಷ್ಯಾದ ಲೀ ಝಿ ಜಿಯಾ ಎದುರು ಸೋತರು. ಬ್ಯಾಡ್ಮಿಂಟನ್‌ನಲ್ಲಿ ಭಾರತಕ್ಕೆ ಒಂದು ಪದಕವೂ ಬರಲಿಲ್ಲ. ಮಾರ್ಗದರ್ಶಕರಾಗಿ ಲಕ್ಷ್ಯ ಅವರ ಜೊತೆಗಿದ್ದ ಹಿಂದಿನ ಚಾಂಪಿಯನ್ ಪ್ರಕಾಶ್ ಪಡುಕೋಣೆ ಅಂದು ನೇರವಾಗಿ ಮಾತನಾಡಿದರು. ಸರ್ಕಾರ, ಫೆಡರೇಷನ್ ತಮ್ಮ ಪಾಲಿನ ಕೆಲಸ ಮಾಡಿವೆ, ಇನ್ನು ಆಟಗಾರರೂ ಹೊಣೆ ಹೊರಬೇಕು ಎಂಬುದು ಅವರ ಮಾತಿನ ತಿರುಳು. ಇದಕ್ಕೆ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಸಾರ್ವಜನಿಕವಾಗಿಯೇ ತಕರಾರು ತೆಗೆದರು. ಗೆದ್ದಾಗ ಹೆಸರಿಗೆ ಎಲ್ಲರೂ ಮುಂದೆ ಬರುತ್ತಾರೆ, ಸೋತಾಗ ಮಾತ್ರ ಆಟಗಾರ ಒಬ್ಬನದೇ ತಪ್ಪೇ ಎಂದು ಕೇಳಿದರು.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಆ ವಾದದಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ: ಹೊಣೆ ಹೊರುವುದನ್ನು ಆಟಗಾರ ಕಲಿಯುವುದು ಎಲ್ಲಿ, ಎಷ್ಟನೇ ವಯಸ್ಸಿಗೆ? ಒಲಿಂಪಿಕ್ಸ್ ಅಂಗಳದಲ್ಲಿ, ಮೂರನೇ ಗೇಮಿನಲ್ಲಿ ಹಿಂದೆ ಬಿದ್ದಾಗ ಅದು ತಾನಾಗಿ ಹುಟ್ಟಿಕೊಳ್ಳುವುದಿಲ್ಲ. ಬ್ಯಾಕ್‌ಹ್ಯಾಂಡ್‌ನಂತೆ ಅದೂ ಚಿಕ್ಕಂದಿನಿಂದ ಕಲಿತು ರೂಢಿಸಿಕೊಳ್ಳಬೇಕಾದ ಕೌಶಲ.

ನಮ್ಮ ಯಾವ ತರಬೇತಿ ಶಿಬಿರಕ್ಕೆ ಬೇಕಾದರೂ ಬೆಳಿಗ್ಗೆ ಹೋಗಿ ನಿಂತು ನೋಡಿ. ಎಷ್ಟು ಸುತ್ತು ಓಡಬೇಕು, ಯಾವ ಡ್ರಿಲ್ ಮಾಡಬೇಕು, ನೀರು ಯಾವಾಗ ಕುಡಿಯಬೇಕು ಎಲ್ಲವೂ ಕೋಚ್ ಬಾಯಿಂದಲೇ ಬರುತ್ತದೆ. ‘ಮೊಣಕಾಲು ಬಗ್ಸೋ’, ‘ಬೇಗ ಹಿಂದೆ ಬಾರೋ’ ಎಂಬ ಕೂಗು ನಿಲ್ಲುವುದೇ ಇಲ್ಲ. ಪಂದ್ಯ ಮುಗಿದರೆ ಮನೆಯ ದಾರಿಯಲ್ಲಿ ಅಪ್ಪನ ವಿಶ್ಲೇಷಣೆ ಶುರು. ಮಗು ಬೆವರು ಹರಿಸುತ್ತದೆ. ಯೋಚಿಸುವ ಕೆಲಸವನ್ನೆಲ್ಲ ಬೇರೆಯವರು ವಹಿಸಿಕೊಂಡಿರುತ್ತಾರೆ. ಹೀಗೆ ಹತ್ತು ವರ್ಷ ಬೆಳೆಸಿದವನನ್ನು ಒಮ್ಮೆಲೇ ‘ನೀನೇ ಹೊಣೆ’ ಎನ್ನುವುದು ಯಾವ ನ್ಯಾಯ?

ತಪ್ಪಿದ ಮೇಲೆ ಏನನ್ನುತ್ತಾರೆ?

ತನ್ನ ಕಲಿಕೆಯನ್ನು ತಾನೇ ನಡೆಸಿಕೊಳ್ಳುವ ಈ ಶಕ್ತಿಗೆ ಮನಶ್ಶಾಸ್ತ್ರಜ್ಞರು ಸ್ವನಿಯಂತ್ರಿತ ಕಲಿಕೆ ಎನ್ನುತ್ತಾರೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಬ್ಯಾರಿ ಜಿಮ್ಮರ್‌ಮನ್ ಇದನ್ನು ಮೂರು ಹಂತಗಳ ಚಕ್ರವಾಗಿ ವಿವರಿಸಿದರು. ಅಭ್ಯಾಸಕ್ಕೆ ಮೊದಲು ಗುರಿ ಮತ್ತು ದಾರಿ ನಿಶ್ಚಯಿಸುವುದು, ಆಡುತ್ತಿರುವಾಗ ತನ್ನನ್ನು ತಾನೇ ಗಮನಿಸುವುದು, ಆಟ ಮುಗಿದ ಮೇಲೆ ಏನಾಯಿತು, ಯಾಕಾಯಿತು ಎಂದು ತೂಗಿ ನೋಡುವುದು. ಮೂರನೆಯ ಹಂತದಲ್ಲಿ ಸಿಕ್ಕ ಉತ್ತರವೇ ಮರುದಿನದ ಮೊದಲ ಹಂತ.

2001ರಲ್ಲಿ ತಿಮೊಥಿ ಕ್ಲಿಯರಿ ಮತ್ತು ಜಿಮ್ಮರ್‌ಮನ್ ಹದಿಹರೆಯದ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್‌ನ ಫ್ರೀ ಥ್ರೋ ಅಭ್ಯಾಸ ಮಾಡಲು ಹೇಳಿ, ನಡುನಡುವೆ ಪ್ರಶ್ನೆ ಕೇಳುತ್ತಾ ಹೋದರು. ಹುಡುಗರಲ್ಲಿ ಪಳಗಿದವರು, ಸಾಧಾರಣ ಆಟಗಾರರು, ಹೊಸಬರು ಹೀಗೆ ಮೂರು ಗುಂಪು. ಕುತೂಹಲದ ಸಂಗತಿ ಕಂಡದ್ದು ಚೆಂಡು ಬುಟ್ಟಿಗೆ ಬೀಳದೆ ಹೋದಾಗ. ಮೊಣಕೈ ಹೊರಕ್ಕೆ ಹೋಯಿತು ಎಂಬಂಥ ನಿರ್ದಿಷ್ಟ ಕಾರಣ ಹೇಳಿ, ಮುಂದಿನ ಎಸೆತದಲ್ಲಿ ಅದನ್ನೇ ತಿದ್ದಲು ಹೊರಟವರು ಹೆಚ್ಚಾಗಿ ಪಳಗಿದವರು. ಉಳಿದವರ ಗುರಿಯೂ ಕಾರಣವೂ ಅಷ್ಟು ಸ್ಪಷ್ಟವಿರಲಿಲ್ಲ.

‘ಗಮನ ಇರಲಿಲ್ಲ’ ಎಂದುಕೊಂಡವನಿಗೆ ಮುಂದಿನ ಎಸೆತಕ್ಕೆ ಮಾಡಲು ಏನೂ ಸಿಗುವುದಿಲ್ಲ. ‘ಮೊಣಕೈ’ ಎಂದವನಿಗೆ ಕೆಲಸ ಸಿಕ್ಕಿತು. ನಮ್ಮ ಮೈದಾನಗಳಲ್ಲಿ ಕೇಳಿಬರುವ ‘ಇವತ್ತು ಯಾಕೋ ಆಗ್ಲಿಲ್ಲ ಸಾರ್’ ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಗುರಿಯ ವಿಷಯದಲ್ಲೂ ಹೀಗೆಯೇ. 1997ರಲ್ಲಿ ಜಿಮ್ಮರ್‌ಮನ್ ಮತ್ತು ಅನಸ್ತೇಸಿಯಾ ಕಿಟ್ಸಾಂಟಸ್ ಹೈಸ್ಕೂಲು ಹುಡುಗಿಯರಿಗೆ ಡಾರ್ಟ್ ಎಸೆಯಲು ಕಲಿಸಿದರು. ಬರೀ ಅಂಕದ ಬೆನ್ನು ಹತ್ತಿದವರು ಹಿಂದೆ ಬಿದ್ದರು. ಎಸೆಯುವ ಕ್ರಮವನ್ನೇ ಗುರಿ ಮಾಡಿಕೊಂಡವರು ಅವರಿಗಿಂತ ಮುಂದೆ ಹೋದರು. ಮೊದಲು ಕ್ರಮವನ್ನು ಕರಗತ ಮಾಡಿಕೊಂಡು, ಅದು ಕೈಗೆ ಕುಳಿತ ಮೇಲೆ ಅಂಕದ ಕಡೆ ಹೊರಳಿದವರು ಎಲ್ಲರಿಗಿಂತ ಮೇಲಾದರು. ತಮ್ಮ ಎಸೆತಗಳನ್ನು ಬರೆದಿಟ್ಟುಕೊಂಡವರಿಗೆ ಆ ಬರವಣಿಗೆಯಿಂದಲೂ ಲಾಭವಾಯಿತು. ಹತ್ತು ವರ್ಷದ ಮಗುವನ್ನು ಪದಕ ತರಲೇಬೇಕು ಎಂದು ಟೂರ್ನಮೆಂಟಿಗೆ ಕಳಿಸುವ ನಾವು ಕಲಿಕೆಯ ಕ್ರಮವನ್ನೇ ತಿರುಗುಮುರುಗು ಮಾಡಿದ್ದೇವೆ.

ಡಚ್ ಹುಡುಗರ ಪಾಠ

ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ತಂಡವೊಂದು ಪ್ರತಿಭಾವಂತ ಎಳೆಯ ಕ್ರೀಡಾಪಟುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಟಿಂಕೆ ಟೋರಿಂಗ್ ಮತ್ತು ಸಂಗಡಿಗರು 2009ರಲ್ಲಿ 11ರಿಂದ 17 ವರ್ಷದ 444 ಫುಟ್‌ಬಾಲ್ ಆಟಗಾರರನ್ನು ಪರಿಶೀಲಿಸಿದರು. ಯೋಜನೆ, ಸ್ವಯಂ ಗಮನ, ಆತ್ಮವಿಶ್ವಾಸ ಮುಂತಾದ ಆರು ಗುಣಗಳನ್ನು ಅಳೆದಾಗ, ಉನ್ನತ ಮಟ್ಟದ ಹುಡುಗರು ಬೇರೆಯಾಗಿ ಕಂಡದ್ದು ಮುಖ್ಯವಾಗಿ ಎರಡರಲ್ಲಿ: ಪಟ್ಟು ಹಿಡಿದು ದುಡಿಯುವುದು ಮತ್ತು ಆಡಿದ್ದನ್ನು ಮೆಲುಕು ಹಾಕಿ ಪಾಠ ಕಲಿಯುವುದು. ಅದೇ ತಂಡದ ಲಾರಾ ಯೋಂಕರ್ ಬೇರೆ ಬೇರೆ ಕ್ರೀಡೆಗಳ 12ರಿಂದ 16ರ ಮಕ್ಕಳನ್ನು ನೋಡಿದಾಗಲೂ ಅಂತರರಾಷ್ಟ್ರೀಯ ಮಟ್ಟದವರನ್ನು ರಾಷ್ಟ್ರೀಯ ಮಟ್ಟದವರಿಂದ ಬೇರ್ಪಡಿಸಿದ್ದು ಈ ಮೆಲುಕೇ.

ಪಟ್ಟು ಹಿಡಿದು ದುಡಿಯುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಸುಕಿನ ನಾಲ್ಕೂವರೆಗೆ ಎದ್ದು ಈಜುಕೊಳಕ್ಕೆ ಹೋಗುವ ಮಕ್ಕಳು ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಇದ್ದಾರೆ. ಕೊರತೆ ಇರುವುದು ಎರಡನೆಯದರಲ್ಲಿ.

ಹಾಗೆಂದು ಈ ಸಂಶೋಧನೆಗಳನ್ನು ತಾಯತ ಮಾಡಿಕೊಳ್ಳಬೇಕಿಲ್ಲ. ಡಚ್ ಅಧ್ಯಯನಗಳು ಪ್ರಶ್ನಾವಳಿ ಆಧರಿಸಿದವು. ಮೆಲುಕು ಹಾಕಿದ್ದರಿಂದ ಮೇಲೆ ಬಂದರೋ, ಮೇಲಿನ ಮಟ್ಟದ ತರಬೇತಿ ಸಿಕ್ಕಿದ್ದರಿಂದ ಮೆಲುಕು ಹಾಕಲು ಕಲಿತರೋ ಎಂಬುದನ್ನು ಅವುಗಳಿಂದ ಪೂರ್ತಿ ಬಿಡಿಸಲಾಗದು. ಒಳ್ಳೆಯ ಊಟ, ಗಾಯ ನೋಡುವ ವೈದ್ಯರು, ಆಡಲು ಅಂಗಳ ಇಲ್ಲದ ಹುಡುಗಿಗೆ ನೋಟ್‌ಬುಕ್ಕೊಂದನ್ನು ಕೊಟ್ಟು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಇನ್ನೊಂದು ಅಪಾಯವೂ ಇದೆ. ಸೋಲನ್ನೇ ನೆನೆನೆನೆದು ಕೊರಗುವುದು ಮೆಲುಕಲ್ಲ. ಮುಂದಿನ ಅಭ್ಯಾಸದಲ್ಲಿ ಏನು ಬದಲಿಸಬೇಕು ಎಂಬಲ್ಲಿಗೆ ಮುಟ್ಟದ ಯೋಚನೆ ಮಗುವನ್ನು ಕುಗ್ಗಿಸುತ್ತದೆಯೇ ಹೊರತು ಬೆಳೆಸುವುದಿಲ್ಲ.

ಉತ್ತರ ತಡವಾಗಿ ಕೊಡುವ ಕೋಚ್

ಪ್ರತಿ ಹೊಡೆತಕ್ಕೂ ತಿದ್ದುವ ಕೋಚ್ ಕಾಳಜಿಯವನಂತೆ ಕಾಣುತ್ತಾನೆ. ಆದರೆ ಚಲನೆಯ ಕಲಿಕೆ ಕುರಿತು ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ 1984ರಲ್ಲೇ ಎಚ್ಚರಿಸಿದ್ದರು. ಪದೇ ಪದೇ ಹೊರಗಿನಿಂದ ಸಿಗುವ ತಿದ್ದುಪಡಿ ಅಭ್ಯಾಸದ ಹೊತ್ತಿನಲ್ಲಿ ಆಟವನ್ನು ಚೆನ್ನಾಗಿ ಕಾಣಿಸುತ್ತದೆ. ಅದು ನಿಂತೊಡನೆ ಆಟ ಕುಸಿಯಬಹುದು, ಏಕೆಂದರೆ ಕಲಿಯುವವನು ತನ್ನ ಮೈ ಕೊಡುವ ಸುಳಿವುಗಳನ್ನು ಓದಲು ಕಲಿತೇ ಇರುವುದಿಲ್ಲ. ಬ್ಯಾಡ್ಮಿಂಟನ್ ಅಂಗಳದೊಳಗೆ ರ್‍ಯಾಲಿ ನಡೆಯುವಾಗ ಕೋಚ್ ಬರಲಾರ. ನೂರು ಮೀಟರ್ ಓಟದ ಟ್ರ್ಯಾಕಿನ ಮೇಲಂತೂ ಯಾರೂ ಬರಲಾರರು.

ಇದನ್ನು ಚದುರಂಗದಲ್ಲಿ ಸ್ಪಷ್ಟವಾಗಿ ನೋಡಬಹುದು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18ರ ಹರೆಯದಲ್ಲೇ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ಅವರನ್ನು ಕೋಚ್ ವಿಷ್ಣು ಪ್ರಸನ್ನ ಆರಂಭದ ವರ್ಷಗಳಲ್ಲಿ ಕಂಪ್ಯೂಟರ್ ಎಂಜಿನ್‌ನಿಂದ ದೂರವಿಟ್ಟಿದ್ದರು. ಓರಗೆಯ ಮಕ್ಕಳು ಪರದೆ ನೋಡಿ ಸರಿಯಾದ ನಡೆ ತಿಳಿದುಕೊಳ್ಳುತ್ತಿದ್ದ ಕಾಲದಲ್ಲಿ ಈ ಹುಡುಗ ಹಲಗೆಯ ಮುಂದೆ ಕೂತು ತಾನೇ ಲೆಕ್ಕ ಹಾಕಬೇಕಿತ್ತು. ಸರಿಯುತ್ತರ ಕಣ್ಣೆದುರೇ ಇದ್ದರೆ ಹುಡುಕುವ ಅಭ್ಯಾಸ ಬೆಳೆಯದು ಎಂಬುದು ಅದರ ಹಿಂದಿನ ತರ್ಕ. ಸದಾ ಉತ್ತರ ಒದಗಿಸುವ ಕೋಚ್ ಕೂಡ ಅಂಥದೇ ಒಂದು ಎಂಜಿನ್.

ಮತ್ತೆ ಪ್ರಕಾಶ್ ಪಡುಕೋಣೆ ಅವರತ್ತಲೇ ಬನ್ನಿ. ಅವರ ಬಾಲ್ಯದಲ್ಲಿ ಬೆಂಗಳೂರಿನಲ್ಲಿ ಇಂದಿನಂಥ ಅಕಾಡೆಮಿಗಳಿರಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಮದುವೆ, ಸಮಾರಂಭ ಇಲ್ಲದ ದಿನ ಆಟ. ತಂದೆ ರಮೇಶ್ ಪಡುಕೋಣೆ ಆಟದ ಗೀಳು ಹಚ್ಚಿದರು. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ ಪುಟ್ಟ ಹುಡುಗ 1964ರಲ್ಲಿ ಅದೇ ಪ್ರಶಸ್ತಿ ಗೆದ್ದ. ಆಟದ ಶೈಲಿಯನ್ನೇ ಬದಲಿಸಿಕೊಂಡು ಮುಂದೆ ರಾಷ್ಟ್ರೀಯ ಜೂನಿಯರ್, ಸೀನಿಯರ್ ಎರಡೂ ಕಿರೀಟ ಧರಿಸಿದ. ಸೌಲಭ್ಯದ ಕೊರತೆಯೇ ಚಾಂಪಿಯನ್‌ಗಳನ್ನು ಹುಟ್ಟಿಸುತ್ತದೆ ಎಂದರೆ ಅದು ಮೂರ್ಖತನ. ಆ ಕೊರತೆಯಲ್ಲಿ ಸೋತುಹೋದವರ ಲೆಕ್ಕ ಯಾರಲ್ಲಿಯೂ ಇಲ್ಲ. ಆದರೆ ಅಂದಿನ ಆಟಗಾರನಿಗೆ ತನ್ನ ಆಟವನ್ನು ತಾನೇ ಬಿಡಿಸಿ ನೋಡುವುದು ಅನಿವಾರ್ಯವಾಗಿತ್ತು. ಇಂದಿನ ಅಕಾಡೆಮಿಗಳು ಆ ಅನಿವಾರ್ಯವನ್ನು ತೆಗೆದುಹಾಕಿದವು. ಅದರ ಜಾಗಕ್ಕೆ ಬೇರೇನನ್ನೂ ತಂದಿಡಲಿಲ್ಲ.

ಎಸ್ಸೆಸ್ಸೆಲ್ಸಿ ಬಂತು, ಆಟ ಬಿಡು

ಒಂಬತ್ತನೇ ತರಗತಿ ಮುಗಿದೊಡನೆ ರ್‍ಯಾಕೆಟ್ ಅಟ್ಟಕ್ಕೇರುವುದು ನಮ್ಮಲ್ಲಿ ಮಾಮೂಲು. ಗ್ರೋನಿಂಗನ್ ತಂಡ ಕಂಡದ್ದು ಬೇರೆಯೇ ಚಿತ್ರ. ಪ್ರತಿಭಾವಂತ ಕ್ರೀಡಾಪಟುಗಳಲ್ಲಿ ಉನ್ನತ ಶೈಕ್ಷಣಿಕ ಧಾರೆಯಲ್ಲಿ ಓದುವವರ ಪಾಲು ಆ ದೇಶದ ಸರಾಸರಿಗಿಂತ ಹೆಚ್ಚಿತ್ತು. ಕಾರಣಗಳು ಹಲವಿರಬಹುದು. ಆದರೂ ವೇಳೆಯನ್ನು ಹಂಚಿಕೊಳ್ಳುವುದು, ಎಲ್ಲಿ ಎಡವಿದೆ ಎಂದು ಹುಡುಕಿ ತಿದ್ದಿಕೊಳ್ಳುವುದು ಗಣಿತಕ್ಕೂ ಬೇಕು, ಸರ್ವ್‌ಗೂ ಬೇಕು. ಇದನ್ನು ಅಂಗಳದಲ್ಲಿ ಕಲಿತ ಮಗು ಓದಿನ ಕೋಣೆಗೂ ತರಬಲ್ಲದು ಎಂಬ ಭರವಸೆಗೆ ಆಧಾರವಿದೆ.

ಹಾಗಾದರೆ ಶುರು ಮಾಡುವುದು ಎಲ್ಲಿಂದ? ಖರ್ಚಿನ ಮಾತೇ ಇಲ್ಲ. ಒಂಬತ್ತು ಹತ್ತರ ಮಗುವಿಗೆ ಅಭ್ಯಾಸದ ಕೊನೆಯ ಹದಿನೈದು ನಿಮಿಷ ಏನು ಮಾಡಬೇಕೆಂದು ಆರಿಸಿಕೊಳ್ಳಲು ಬಿಡಿ. ಹನ್ನೆರಡು ಹದಿಮೂರಕ್ಕೆ ಒಂದು ನೋಟ್‌ಬುಕ್ ಇರಲಿ. ಇವತ್ತು ಯಾವುದರ ಮೇಲೆ ಕೆಲಸ ಮಾಡಿದೆ, ಎಲ್ಲಿ ತಪ್ಪಿತು, ನಾಳೆ ಏನು ಬದಲಿಸುತ್ತೀ ಎಂಬ ಮೂರು ಪ್ರಶ್ನೆಗೆ ಮೂರೇ ಸಾಲು ಸಾಕು. ಅದಕ್ಕೆ ಕೋಚ್ ಅಂಕ ಹಾಕದಿರಲಿ, ಅಪ್ಪ ಅಮ್ಮ ಕದ್ದು ಓದದಿರಲಿ. ಹದಿನೈದು ಹದಿನಾರಕ್ಕೆ ವಾರದ ಒಂದು ದಿನದ ಅಭ್ಯಾಸವನ್ನು ಆಟಗಾರರೇ ರೂಪಿಸಲಿ, ಕೋಚ್ ಬದಿಯಲ್ಲಿ ನಿಂತು ನೋಡಲಿ. ಮೊದಮೊದಲು ಆ ಅಭ್ಯಾಸ ಕೆಟ್ಟದಾಗಿಯೇ ಇರುತ್ತದೆ. ಮಗು ಸುಲಭದ್ದನ್ನೇ ಆರಿಸಿಕೊಳ್ಳುತ್ತದೆ, ಒಂದಷ್ಟು ಹೊತ್ತು ಹಾಳಾಗುತ್ತದೆ. ಹಾಳಾದ ಆ ಹೊತ್ತಿನಲ್ಲೇ ಅದು ತನ್ನ ಆಟವನ್ನು ಅಳೆಯಲು ಕಲಿಯುವುದು.

ಅಪ್ಪ ಅಮ್ಮಂದಿರಲ್ಲಿ ಒಂದೇ ವಿನಂತಿ. ಮುಂದಿನ ಟೂರ್ನಮೆಂಟಿನಲ್ಲಿ ಮಗು ಸೋತು ಹೊರಬಂದಾಗ ನಿಮ್ಮ ವಿಶ್ಲೇಷಣೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಮೊದಲು ಊಟ ಹಾಕಿಸಿ. ಮಗು ತಾನಾಗಿಯೇ ಮಾತು ತೆಗೆದರೆ ‘ನಿನಗೇನನ್ನಿಸಿತು?’ ಎಂದು ಕೇಳಿ ಸುಮ್ಮನಾಗಿ. ಉತ್ತರ ತೊದಲಬಹುದು, ತಪ್ಪಾಗಿಯೂ ಇರಬಹುದು. ಆದರೂ ಪೂರ್ತಿ ಕೇಳಿಸಿಕೊಳ್ಳಿ. ಹೊಣೆಗಾರಿಕೆಯ ಮೊದಲ ಪಾಠ ಅಷ್ಟೇ.