ಕಟ್ಟೆಯಿಂದ ಕುಂಬಿಯವರೆಗೆ: ಎರಿ ನಾಡಿನ ಮನೆಗೆ ಮುಖ ಮೂಡಿದ ಬಗೆ

ರೋಣದ ಹತ್ತಿರದ ನಮ್ಮೂರಿನಲ್ಲಿ ಹಳೆಯ ಮನೆಯನ್ನು ಹೊಸದಾಗಿ ಕಟ್ಟಿಸುವ ಮಾತು ಬಂದಾಗ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಕಡಿದಾದ ಇಳಿಜಾರಿನ ಚಾವಣಿ, ಅದರ ಮೇಲೊಂದು ಹೊಗೆಗೂಡು, ಗೋಡೆ ತುಂಬ ಹಬ್ಬಿದ ಗುಲಾಬಿ ಬಳ್ಳಿ, ಪುಟ್ಟ ಪುಟ್ಟ ಕಿಟಕಿ. ಇಂಗ್ಲೆಂಡಿನ ಯಾವುದೋ ಹಳ್ಳಿಯ ಕಾಟೇಜು. "ಯಣ್ಣಾ, ಮನಿ ಮುಂದಿನ ಮಾರಿ ಹಿಂಗ ಹಳೇ ಕಾಲದ ಗತೆ ಕಾಣಬೇಕು ನೋಡ" ಅಂದ. ಪಕ್ಕದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಅವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಚಂದ ಐತಿ. ಕಟ್ಟಿ ಎಲ್ಲೈತ್ಯೋ ತಮ್ಮಾ?"

ಅವ್ವನ ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಕೆಲವು ವಾರ ರೋಣ, ನರಗುಂದ, ಗಜೇಂದ್ರಗಡದ ಹಳೆಯ ಓಣಿಗಳನ್ನು ಸುತ್ತಿದೆ. ನಮ್ಮ ಸೀಮೆಯ ಮನೆಗಳಿಗೆ ಈಗಿರುವ ಮುಖ ಎಲ್ಲಿಂದ ಬಂತು ಎಂದು ತಿಳಿಯದೆ ಹೊಸ ಮುಖ ಬರೆಸಲು ಮನಸ್ಸು ಒಪ್ಪಲಿಲ್ಲ.

ತಮ್ಮ ತೋರಿಸಿದ ಕಾಟೇಜಿಗೂ ಒಂದು ಕತೆ ಇದೆ. ಅದು ಮೊದಲು ಇಂಗ್ಲೆಂಡಿನ ಬಡ ಕೂಲಿಕಾರನ ಗುಡಿಸಲು. ಹುಲ್ಲು ಹೊದಿಸಿದ ಚಾವಣಿಯ ಮೇಲೆ ಮಳೆನೀರು ನಿಂತರೆ ಹುಲ್ಲು ಕೊಳೆಯುತ್ತದೆ. ಹಾಗಾಗಿ 45-50 ಡಿಗ್ರಿಯಷ್ಟು ಕಡಿದಾದ ಇಳಿಜಾರು ಬೇಕೇ ಬೇಕು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಸಿರಿವಂತರಿಗೆ ಆ ಬಡವರ ಮನೆಯೇ ಚೆಂದವಾಗಿ ಕಾಣತೊಡಗಿತು. 1811ರ ಸುಮಾರಿಗೆ ವಾಸ್ತುಶಿಲ್ಪಿ ಜಾನ್ ನ್ಯಾಶ್ ಬ್ರಿಸ್ಟಲ್ ಬಳಿ ಬ್ಲೇಸ್ ಹ್ಯಾಮ್ಲೆಟ್ ಎಂಬಲ್ಲಿ ಒಂಬತ್ತು ಕಾಟೇಜುಗಳನ್ನು ರೂಪಿಸಿದ. ಒಬ್ಬ ಧನಿಕ ತನ್ನಲ್ಲಿ ದುಡಿದು ದಣಿದ ಆಳುಗಳಿಗಾಗಿ ಕಟ್ಟಿಸಿದ ಮನೆಗಳವು. ಒಂದರ ಹಾಗೆ ಇನ್ನೊಂದಿಲ್ಲ. ಇವತ್ತು ಜಗತ್ತಿನ ಮೂಲೆಮೂಲೆಗೆ ಹಬ್ಬಿರುವ ಕಾಟೇಜಿನ ಚಿತ್ರ ಗಟ್ಟಿಗೊಂಡದ್ದು ಇಂಥ ಮನೆಗಳಿಂದ. ಅದರ ಬೇರಿನಲ್ಲಿರುವುದು ಮಾತ್ರ ಮಳೆ ಮತ್ತು ಹುಲ್ಲು.

ನಮ್ಮಲ್ಲಿ ಮಳೆಯೇ ಬೇರೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲೆ ಸುರಿದರೆ ಗದಗ ಸೀಮೆಗೆ ಸಿಗುವುದು 600ರ ಆಸುಪಾಸು. ಕಟ್ಟಿಗೆಗೂ ಹುಲ್ಲಿಗೂ ಇಲ್ಲಿ ಬರ, ಬಿಸಿಲಿಗೆ ಬರವಿಲ್ಲ. ಅದಕ್ಕೇ ಇಲ್ಲಿನವರು ಇಳಿಜಾರನ್ನು ಬಿಟ್ಟು ಮಣ್ಣಿನ ಮಾಳಿಗೆಗೆ ಕೈ ಹಾಕಿದರು. ಮೇಲ್ಮುದ್ದಿ ಮನಿ ಅನ್ನುವುದು ಇದನ್ನೇ.

ನಮ್ಮ ಮನೆಯ ಹಿಂದಿನ ಎರಡು ಅಂಕಣ ಬಿದ್ದ ಜಾಗದಲ್ಲಿ ಮಾಳಿಗೆಯ ಹೊಟ್ಟೆ ಸೀಳಿದಂತೆ ಕಾಣುತ್ತದೆ. ಕೆಳಗೆ ಬೇವಿನ ಕಂಬ, ಅದರ ನೆತ್ತಿಗೆ ಬೋದಿಗೆ, ಬೋದಿಗೆಯ ಮೇಲೆ ತೊಲಿ, ತೊಲಿಯಿಂದ ತೊಲಿಗೆ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ತೊಗರಿ ಕಟ್ಟಿಗೆಯ ಹಾಸು, ಅದರ ಮೇಲೆ ಒದ್ದೆ ಮಣ್ಣಿನ ಮೆತ್ತಿಗೆ, ಕೊನೆಗೆ ಒಂದಡಿಗೂ ಮಿಕ್ಕಿ ಸವಳು ಮಣ್ಣು. ಬೆಳೆಗೆ ಶತ್ರುವಾದ ಮಣ್ಣೇ ಮಾಳಿಗೆಗೆ ನೆಂಟ. ಸವಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ; ಮಳೆ ತಾಕಿದಾಗ ಆ ಸಣ್ಣ ಕಣಗಳು ಮಣ್ಣಿನ ರಂಧ್ರಗಳಲ್ಲಿ ಕೂತು ಮುಚ್ಚಿಬಿಡುತ್ತವೆ; ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಅದೇ ಗುಣ ಬೇರಿಗೆ ಉಸಿರು ಕಟ್ಟಿಸುತ್ತದೆ. ಬೆಳೆ ಬಾರದ ಜಾಗದ ಮಣ್ಣನ್ನು ತಂದು ತಲೆಯ ಮೇಲಿಟ್ಟುಕೊಂಡರೆ ಮನೆ ಸೋರುವುದಿಲ್ಲ ಎಂದು ಮೊದಲು ಕಂಡುಕೊಂಡ ರೈತ ಯಾರೋ, ಅವನಿಗೆ ಕೈ ಮುಗಿಯಬೇಕು.

ಈ ಮಾಳಿಗೆಯೇ ಮನೆಯ ಮುಖವನ್ನೂ ತಿದ್ದಿತು. ಒಂದಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ. ಮಳೆಗೆ ನೆಂದರೆ ಇನ್ನೂ ಹೆಚ್ಚು. ಅಷ್ಟು ಭಾರ ಹೊರಲು ಎರಡು-ಮೂರು ಅಡಿ ದಪ್ಪದ ಗೋಡೆ ಬೇಕಾಯಿತು. ಅಂಥ ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆದರೆ ಬಲ ಹೋಗುತ್ತದೆ, ಬಿಸಿಲಿನ ಝಳವೂ ಒಳಗೆ ನುಗ್ಗುತ್ತದೆ. ಹಾಗಾಗಿ ಮುಂದಿನ ಗೋಡೆಗೆ ಕಿಟಕಿ ಇಲ್ಲ, ಇದ್ದರೂ ಮೊಳದಷ್ಟು. ಬೆಳಕು ಬೇಕಾದರೆ ಮಾಳಿಗೆಯಲ್ಲಿ ತೂತು ಬಿಟ್ಟು ಬೆಳಕಿಂಡಿ ಮಾಡಿದರು. ನೆತ್ತಿಯಿಂದ ಇಳಿಯುವ ಆ ಬಿಸಿಲಕೋಲು ಹೊತ್ತು ಏರಿದಂತೆ ಪಡಸಾಲೆಯ ನೆಲದ ಮೇಲೆ ಸರಿಯುತ್ತಿತ್ತು. ಅದು ಬೀಸುಕಲ್ಲಿನ ಹತ್ತಿರ ಬಂದರೆ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತೆಂದು ಅವ್ವನಿಗೆ ಗೊತ್ತಾಗುತ್ತಿತ್ತು.

ಮಾಳಿಗೆಯ ಅಂಚಿಗೆ ಕುಂಬಿ, ಕುಂಬಿಯಲ್ಲಿ ಅಲ್ಲಲ್ಲಿ ಕಲ್ಲಿನ ಹರನಾಳಿಗೆ. ಗೋಡೆಯಿಂದ ಎರಡಡಿ ಮುಂದಕ್ಕೆ ಚಾಚಿದ ಆ ನಾಲಿಗೆಗಳು ನೀರನ್ನು ಓಣಿಗೆ ಎಸೆಯುತ್ತವೆ. ಮಣ್ಣಿನ ಗೋಡೆಗೆ ನೀರು ಜಾರಿದರೆ ಅದರ ಆಯುಷ್ಯ ಮುಗಿಯಿತು. ಮಿರಗದ ಮಳೆ ಬರುವುದರೊಳಗೆ ಮಾಳಿಗೆಗೆ ಹೊಸ ಮಣ್ಣು ಎಳೆಯುವುದು ಪ್ರತಿ ವರ್ಷದ ಕೆಲಸ. ನಡುರಾತ್ರಿ ಎಲ್ಲೋ ಸೋರಿದರೆ ಅಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಚ್ಚಣಿಕೆ ಹತ್ತುತ್ತಿದ್ದ. ಕೆಳಗೆ ಮಲಗಿದ ನಮಗೆ ಅಪ್ಪನ ಹಿಮ್ಮಡಿ ಮಣ್ಣನ್ನು ತುಳಿದು ಸೋರು ಮುಚ್ಚುವ ಸದ್ದು ಧಬ್ ಧಬ್ ಎಂದು ಕೇಳುತ್ತಿತ್ತು.

ಇನ್ನು ಕಟ್ಟೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಗೋಡೆಯ ಬುಡಕ್ಕೆ ನೀರು ಸೇರಿದರೆ ಬುನಾದಿ ಅಲುಗುತ್ತದೆ. ಗೋಡೆಯ ಕಾಲಿಗೆ ಒತ್ತಿ ಕಟ್ಟಿದ ಕಲ್ಲಿನ ಕಟ್ಟೆ ಮಳೆಯ ಸಿಡಿತವನ್ನೂ ಓಣಿಯ ನೀರನ್ನೂ ದೂರ ಇಡುತ್ತದೆ. ಮೊದಲು ಗೋಡೆಯನ್ನು ಕಾಯಲು ಹುಟ್ಟಿದ ಕಟ್ಟೆ ಆಮೇಲೆ ಮನುಷ್ಯರನ್ನು ಕೂಡಿಸಿಕೊಂಡಿತು ಎಂದು ನನ್ನ ಎಣಿಕೆ. ಸಂಜೆ ಹೊಲದಿಂದ ಬಂದವರು ಕಾಲು ತೊಳೆದು ಕೂರುವುದು ಅಲ್ಲಿ, ಹೆಣ್ಣು ನೋಡಲು ಬಂದವರು ಮೊದಲು ಕೂರುವುದು ಅಲ್ಲಿ, ದಾರಿಹೋಕ ನೀರು ಕೇಳಿ ಕುಡಿಯುವುದು ಅಲ್ಲಿ. ಗಜೇಂದ್ರಗಡದ ಕಡೆ ಗುಡ್ಡ ಮಗ್ಗುಲಲ್ಲೇ ಇರುವುದರಿಂದ ಕಲ್ಲಿಗೆ ಕೊರತೆಯಿಲ್ಲ. ನಮ್ಮಂಥ ಎರಿ ಊರುಗಳಲ್ಲಿ ಕಟ್ಟೆಯ ಒಂದೊಂದು ಚಪ್ಪಡಿಯೂ ದೂರದಿಂದ ಚಕ್ಕಡಿಯಲ್ಲಿ ಬಂದದ್ದು.

ತಲೆಬಾಗಿಲು ಅಗಲವಾಗಿರುವುದು ಎತ್ತುಗಳ ಸಲುವಾಗಿ. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ದನದ ಜಾಗ, ಗ್ವಾದಲಿ. ಎರಡು ಮೆಟ್ಟಿಲು ಏರಿದರೆ ಪಡಸಾಲೆ. ಎತ್ತೂ ಮನುಷ್ಯರೂ ಒಂದೇ ಹೊಸ್ತಿಲು ದಾಟುತ್ತಿದ್ದರು. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಆ ಸ್ಥಳ ಕುಣಿಮಗ್ಗಕ್ಕೆ ಮೀಸಲು. ಬಾಗಿಲಿನ ಎರಡೂ ಬದಿಗೆ ದೀಪದ ಮಾಡ, ಮೇಲೆ ಗಣಪನ ಪಟ್ಟಿ, ಒಳಗಿನಿಂದ ಅಡ್ಡ ಜಡಿಯುವ ಅಗಳಿ. ಅಗಳಿಗೆ ಕಾರಣವಿತ್ತು. ಕೋಟೆ, ಸಂಸ್ಥಾನಗಳ ಕಾದಾಟ ಕಂಡ ನೆಲವಿದು. ಗಜೇಂದ್ರಗಡದಲ್ಲಿ 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾಯಿತು. ನರಗುಂದದ ಬಾಬಾಸಾಹೇಬ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ. 1948ರ ತನಕ ಗಜೇಂದ್ರಗಡದ ಆಚೆಗಿನ ಯಲಬುರ್ಗಾ, ಕುಷ್ಟಗಿ ನಿಜಾಮನ ಸೀಮೆಯಾಗಿದ್ದವು. ಓಣಿಗೆ ಮುಖ ಕೊಟ್ಟ ಗೋಡೆಗೆ ಕಿಟಕಿ ಇಡಲು ಜನ ಹಿಂಜರಿದದ್ದರಲ್ಲಿ ಈ ಅಂಜಿಕೆಯ ಪಾಲೂ ಇದ್ದೀತು.

ಈ ರೂಪ ಎಷ್ಟು ಹಳೆಯದು? ಐಹೊಳೆಯ ಲಾಡ್‌ಖಾನ್ ಗುಡಿಯ ಮಾಳಿಗೆಯನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಹಾಸುಗಲ್ಲುಗಳ ಸಂದಿಯ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳು, ಥೇಟು ಮರದ ತೊಲೆಗಳಂತೆ. ಏಳು-ಎಂಟನೇ ಶತಮಾನದ ಶಿಲ್ಪಿಗಳು ತಾವು ಬಲ್ಲ ಮರದ ಕಟ್ಟಡವನ್ನೇ ಕಲ್ಲಿನಲ್ಲಿ ಮತ್ತೆ ಕಟ್ಟಿದರು. ಮುಂದೆ ಲಾಡ್ ಖಾನ್ ಎಂಬಾತ ಅಲ್ಲೇ ವಾಸ ಮಾಡಿದ್ದರಿಂದ ಗುಡಿಗೆ ಆ ಹೆಸರು ಬಂತು. ಮನೆಯನ್ನು ನೆನೆದು ಕಟ್ಟಿದಂತಿದ್ದ ಗುಡಿ ಕೊನೆಗೆ ನಿಜವಾಗಿಯೂ ಒಂದು ಮನೆಯಾಯಿತು.

ಇಂಥ ಮುಖಗಳು ನಮ್ಮ ಕಣ್ಣೆದುರೇ ಕಡಿಮೆಯಾದವು. ಮಲಪ್ರಭೆಯ ಕಾಲುವೆ ಬಂತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಅಗಲ ಬಾಗಿಲಿನ ಕೆಲಸ ಮುಗಿಯಿತು. ಮಣ್ಣು ಎಳೆಯುವ ಕೈಗಳು ಹುಬ್ಬಳ್ಳಿ, ಬೆಂಗಳೂರು ಸೇರಿದವು. ದೊಡ್ಡ ಪೆಟ್ಟು ಬಿದ್ದದ್ದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ. ಬಿಡದೆ ಹೊಯ್ದ ಮಳೆಗೆ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಲೆಕ್ಕವಿಲ್ಲದಷ್ಟು ಕುಸಿದವು. ಮಲಪ್ರಭೆಯೂ ಬೆಣ್ಣೆಹಳ್ಳವೂ ಒಟ್ಟಿಗೆ ಉಕ್ಕಿದವು. ನಮ್ಮ ಮನೆಯ ಹಿಂದಿನ ಅಂಕಣಗಳು ಬಿದ್ದದ್ದೂ ಆಗಲೇ. ಎಷ್ಟೋ ಊರುಗಳಿಗೆ ಸರ್ಕಾರದ 'ಆಸರೆ' ಮನೆಗಳು ಬಂದವು. ಹೆದರಿದ ಜನ ಮಣ್ಣಿನ ಮನೆಯನ್ನೇ ಬೇಡವೆಂದರು. ಅವರನ್ನು ದೂರಲು ನನ್ನಿಂದಾಗದು. ತಲೆಯ ಮೇಲೆ ಅರ್ಧರ್ಧ ಟನ್ ನೆಂದ ಮಣ್ಣು ಹೊತ್ತು ರಾತ್ರಿ ಕಳೆದವರು ಅವರು.

ಉಳಿದ ಮನೆಗಳಿಗೆ ಇನ್ನೊಂದು ಬಗೆಯ ಕೇಡು ತಟ್ಟಿತು. ಗಟ್ಟಿಯಾಗಲಿ ಎಂದು ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮೆತ್ತಿಸಿದರು. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯಿತು. ನಮ್ಮ ಓಣಿಯಲ್ಲೇ ಒಂದು ಮನೆಯ ಪ್ಲಾಸ್ಟರು ಮೂರು ಮಳೆಗಾಲಕ್ಕೆ ಹಪ್ಪಳದಂತೆ ಎದ್ದು ಬಂತು, ಅದರ ಹಿಂದಿನ ಮಣ್ಣು ಹಿಟ್ಟಾಗಿತ್ತು. ಸುಣ್ಣ ಮತ್ತು ಕೆಮ್ಮಣ್ಣಿನ ಸಾರಣೆ ಗೋಡೆಗೆ ಉಸಿರಾಡಲು ಬಿಡುತ್ತಿತ್ತು. ಹಬ್ಬಕ್ಕೊಮ್ಮೆ ಸುಣ್ಣ ಹಚ್ಚುತ್ತಿದ್ದುದು ಅಂದಕ್ಕೆ ಮಾತ್ರ ಆಗಿರಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಮನೆಯ ಮುಖದ ಬಗ್ಗೆ ತಮ್ಮನೂ ನಾನೂ ಮತ್ತೆ ಕೂತೆವು. ಮಣ್ಣಿನ ಮಾಳಿಗೆ ಮತ್ತೆ ಬೇಡ. ವರ್ಷಾವರ್ಷ ನಿಚ್ಚಣಿಕೆ ಹತ್ತುವವರು ಮನೆಯಲ್ಲಿಲ್ಲ. ಸ್ಲ್ಯಾಬೇ ಇರಲಿ, ಬುನಾದಿಯನ್ನು ಎರಿ ದಾಟಿ ಗಟ್ಟಿ ಗರಸು ಸಿಗುವ ತನಕ ಇಳಿಸೋಣ. ಒಳಗೋಡೆಗಳಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಈ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಮುಂದಿನ ಗೋಡೆಗೆ ಬಿದ್ದ ಅಂಕಣಗಳ ಕಲ್ಲು, ಸಂದಿಗೆ ಸುಣ್ಣ. ಕುಂಬಿಗೆ ಹಳೆಯ ಹರನಾಳಿಗೆಗಳನ್ನೇ ಕೂಡಿಸಬೇಕು, ಮತ್ತು ಅವು ನೀರು ಎಸೆಯಲೇಬೇಕು. ಬೆಳಕಿಂಡಿಗೆ ಗಾಜು. ಅಗಲ ಬಾಗಿಲು ಅಗಲವಾಗಿಯೇ ಇರಲಿ, ತಮ್ಮನ ಬೈಕಾದರೂ ಒಳಗೆ ಬರುತ್ತದೆ. ಗುಲಾಬಿ ಬಳ್ಳಿ ಹಬ್ಬಿಸುವ ಆಸೆಯನ್ನು ಅವನು ಬಿಡಲಿಲ್ಲ. ನಾನು ಮಲ್ಲಿಗೆ ಎಂದೆ, ಅದಕ್ಕೆ ಒಪ್ಪಿದ.

ಕಳೆದ ವಾರ ಗೌಂಡಿ ನೂಲು ಹಿಡಿದುಕೊಂಡು ಬಂದ. ಎಲ್ಲ ಅಳತೆ ಬರೆದುಕೊಂಡು, "ಕಟ್ಟಿ ಎಷ್ಟ ಎತ್ತರ ಇಡೂಣ್ರೀ?" ಎಂದು ಕೇಳಿದ. ನಾನು ಹದಿನೆಂಟು ಇಂಚು ಎಂದೆ, ತಮ್ಮ ಎರಡಡಿ ಎಂದ. ಅವ್ವ ಏನೂ ಮಾತಾಡದೆ ಅಂಗಳದಲ್ಲಿ ಪೇರಿಸಿದ್ದ ಇಟ್ಟಿಗೆಯ ಹತ್ತಿರ ಹೋಗಿ ಕೂತಳು. ಕಾಲು ನೆಲಕ್ಕೆ ತಾಗಲಿಲ್ಲ. ಎದ್ದು ಒಂದು ವರಸೆ ತೆಗೆಸಿದಳು, ಮತ್ತೆ ಕೂತಳು. ಈಗ ಎರಡೂ ಪಾದ ನೆಲದ ಮೇಲೆ ಪೂರ್ತಿ ಊರಿದವು. ಮೊಣಕಾಲ ಮೇಲೆ ಕೈಯಿಟ್ಟು ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿ, "ಇಷ್ಟ ಸಾಕಪ್ಪ" ಎಂದಳು. ಗೌಂಡಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಟ್ಟಿ ಹಿಡಿದು ಬರೆದುಕೊಂಡ.