ಅದುಮಿಟ್ಟ ದನಿ: ಸಿಂಥಿಯಾ ಎರಿವೊ ನಡೆದು ಬಂದ ಮೊದಲ ದಾರಿ

ಸಿಂಥಿಯಾ ಎರಿವೊ ಹುಟ್ಟಿದ್ದು 1987ರ ಜನವರಿ 8ರಂದು, ದಕ್ಷಿಣ ಲಂಡನ್ನಿನ ಸ್ಟಾಕ್‌ವೆಲ್‌ನಲ್ಲಿ. ತಂದೆ ತಾಯಿ ನೈಜೀರಿಯಾದಿಂದ ಬಂದ ಇಗ್ಬೊ ಜನ. ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ ಬೆಳೆಸಿದವರು ನರ್ಸ್ ಆಗಿ ದುಡಿಯುತ್ತಿದ್ದ ತಾಯಿ. ಐದನೇ ವಯಸ್ಸಿನಲ್ಲೇ ಎರಿವೊ ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಹಾಡಿದ್ದರು. ಮುಂದೆ ಈಸ್ಟ್ ಲಂಡನ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಮನೋವಿಜ್ಞಾನದ ಪದವಿಗೆ ಸೇರಿ, ಒಂದೇ ವರ್ಷಕ್ಕೆ ಬಿಟ್ಟರು. ಸ್ಟ್ರಾಟ್‌ಫರ್ಡ್‌ನ ಥಿಯೇಟರ್ ರಾಯಲ್‌ನ ಯುವ ತಂಡದಲ್ಲಿ ಅವರನ್ನು ಕಂಡಿದ್ದ ನಿರ್ದೇಶಕಿ ರೇ ಮೆಕೆನ್, ‘ರಾಡಾ’ಕ್ಕೆ ಅರ್ಜಿ ಹಾಕುವಂತೆ ಹುರಿದುಂಬಿಸಿದರು. ರಾಡಾ ಎಂದರೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್. ಅದು ಮುಖ್ಯವಾಗಿ ನಟನೆಯ ಶಾಲೆ. ಎರಿವೊ ಅಲ್ಲಿ ಕಲಿತು ಹೊರಬಂದದ್ದು 2010ರಲ್ಲಿ.

ಮೊದಲು ಸಿಕ್ಕಿದ್ದು ಸಣ್ಣಪುಟ್ಟ ಅವಕಾಶಗಳು. ಪ್ರೇಕ್ಷಕರು ಹೆಸರು ಹಿಡಿದು ಗುರುತಿಸುವಂತಾದದ್ದು ಬ್ರಿಟನ್ನಿನ ಊರೂರು ಸುತ್ತಿದ ‘ಸಿಸ್ಟರ್ ಆ್ಯಕ್ಟ್’ ಸಂಗೀತ ನಾಟಕದಿಂದ. ಅದರಲ್ಲಿ ಅವರದು ಕೊಲೆಯೊಂದನ್ನು ಕಣ್ಣಾರೆ ಕಂಡು, ಪ್ರಾಣ ಉಳಿಸಿಕೊಳ್ಳಲು ಕಾನ್ವೆಂಟಿನಲ್ಲಿ ಅಡಗುವ ಗಾಯಕಿ ಡೆಲೋರಿಸ್‌ಳ ಪಾತ್ರ. ತೆರೆಯ ಮೇಲೆ ಅದು ವೂಪಿ ಗೋಲ್ಡ್‌ಬರ್ಗ್ ಮಾಡಿದ ಪಾತ್ರ. ಎರಿವೊ ಅವರ ಬದುಕು ಬದಲಿಸಿದ ಸೆಲೀ ಪಾತ್ರವನ್ನೂ 1985ರ ಸಿನಿಮಾದಲ್ಲಿ ಮಾಡಿದವರು ಗೋಲ್ಡ್‌ಬರ್ಗ್ ಅವರೇ. ಜನರ ಮನಸ್ಸಿನಲ್ಲಿ ಆಗಲೇ ಒಂದು ಮುಖ ಅಚ್ಚೊತ್ತಿದ್ದ ಎರಡು ಪಾತ್ರಗಳನ್ನು ಹೊಸಬರೊಬ್ಬರು ತಮ್ಮದಾಗಿಸಿಕೊಳ್ಳಬೇಕಿತ್ತು.

ಸೆಲೀ ಬರುವುದು ‘ದಿ ಕಲರ್ ಪರ್ಪಲ್’ನಲ್ಲಿ. ಆಲಿಸ್ ವಾಕರ್ 1982ರಲ್ಲಿ ಬರೆದ ಕಾದಂಬರಿ ಅದು. ಅಮೆರಿಕದ ಜಾರ್ಜಿಯಾದ ಈ ಕಪ್ಪು ಹುಡುಗಿ ಚಿಕ್ಕಂದಿನಲ್ಲೇ ಅತ್ಯಾಚಾರಕ್ಕೆ ಸಿಕ್ಕವಳು, ಹೆತ್ತ ಮಕ್ಕಳನ್ನು ಕಳೆದುಕೊಂಡವಳು, ಒಂದು ಹಸುವಿನ ಜೊತೆಗೆ ಗಂಡನೊಬ್ಬನಿಗೆ ಒಪ್ಪಿಸಲ್ಪಟ್ಟವಳು. ನಿರ್ದೇಶಕ ಜಾನ್ ಡಾಯ್ಲ್ ಈ ಕಾದಂಬರಿಯ ಸಂಗೀತ ನಾಟಕವನ್ನು 2013ರಲ್ಲಿ ಲಂಡನ್ನಿನ ಮೆನಿಯರ್ ಚಾಕೊಲೇಟ್ ಫ್ಯಾಕ್ಟರಿಯಲ್ಲಿ ಆಡಿಸಿದರು. ಒಂದು ಕಾಲದಲ್ಲಿ ನಿಜವಾಗಿಯೂ ಚಾಕೊಲೇಟ್ ತಯಾರಾಗುತ್ತಿದ್ದ ಕಟ್ಟಡ ಅದು. ಇನ್ನೂರು ಜನರೂ ಹಿಡಿಸದಷ್ಟು ಚಿಕ್ಕದು. ರಂಗದ ಮೇಲೆ ಮರದ ಗೋಡೆ ಮತ್ತು ಕುರ್ಚಿಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹಾಗಾಗಿ ನೋಡುವವರ ಕಣ್ಣು ನಟಿಯನ್ನು ಬಿಟ್ಟು ಕದಲುವಂತಿರಲಿಲ್ಲ.

ಎರಿವೊ ಅವರದು ಮೊದಲ ಸಾಲಿನಲ್ಲೇ ಸಭೆಯನ್ನು ಗೆಲ್ಲಬಲ್ಲ ಕಂಠ. ಆದರೆ ಸೆಲೀಗೆ ಬಾಯಿ ತೆರೆಯುವ ಹಕ್ಕೇ ಇಲ್ಲ. ಆಟದ ಬಹುಪಾಲು ಅವರು ಬೆನ್ನು ಬಾಗಿಸಿ, ದನಿಯನ್ನು ಅದುಮಿಟ್ಟುಕೊಂಡು ನಿಂತರು. ಕೊನೆಯ ಹೊತ್ತಿಗೆ, ತಾನು ಬದುಕಿದ್ದೇನೆ, ತನಗೊಂದು ಬೆಲೆಯಿದೆ ಎಂದು ಸೆಲೀ ಕಂಡುಕೊಳ್ಳುವ ಹಾಡು ಬರುತ್ತದೆ. ಅಲ್ಲಿಯವರೆಗೆ ಕಟ್ಟಿಟ್ಟದ್ದೆಲ್ಲ ಆಗ ಕಟ್ಟೆಯೊಡೆಯುತ್ತದೆ. ಕಂಠ ದೈವದತ್ತ ಇರಬಹುದು, ಅದನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಿದ್ದು ಮಾತ್ರ ನಟಿಯ ದುಡಿಮೆ.

2014 ಏಳುಬೀಳಿನ ವರ್ಷ. ಎರಡು ಸಾವಿರಕ್ಕೂ ಹೆಚ್ಚು ಆಸನಗಳ ಲಂಡನ್ ಪಲೇಡಿಯಂನಲ್ಲಿ ಅವರು ನಾಯಕಿಯಾಗಿದ್ದ ‘ಐ ಕಾಂಟ್ ಸಿಂಗ್!’ ಸಂಗೀತ ನಾಟಕ ಎರಡು ತಿಂಗಳೂ ಓಡದೆ ನಿಂತಿತು. ಅದೇ ವರ್ಷ ಡಾನ್ಮಾರ್ ರಂಗಮಂದಿರದಲ್ಲಿ ಫಿಲಿಡಾ ಲಾಯ್ಡ್ ನಿರ್ದೇಶಿಸಿದ, ಮಹಿಳೆಯರೇ ಆಡಿದ ‘ಹೆನ್ರಿ ದಿ ಫೋರ್ತ್’ನಲ್ಲಿ ಷೇಕ್ಸ್‌ಪಿಯರನ ಮಾತುಗಳಿಗೆ ದನಿ ಕೊಟ್ಟರು.

ಡಾಯ್ಲ್ ಅವರ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇ ತಲುಪಿದ್ದು 2015ರ ಡಿಸೆಂಬರ್ 10ರಂದು. ಜೊತೆಯಲ್ಲಿ ಆಸ್ಕರ್ ಗೆದ್ದಿದ್ದ ಜೆನಿಫರ್ ಹಡ್ಸನ್ ಇದ್ದರು. ಅಮೆರಿಕದಲ್ಲಿ ಎರಿವೊ ಅವರ ಹೆಸರು ಹೆಚ್ಚು ಮಂದಿಗೆ ಗೊತ್ತಿರಲಿಲ್ಲ. ಆದರೂ ಸೆಲೀಯ ಆ ಹಾಡು ಮುಗಿಯುತ್ತಿದ್ದಂತೆ ಜನ ಆಟದ ನಡುವೆಯೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. 2016ರಲ್ಲಿ ಸಂಗೀತ ನಾಟಕದ ಶ್ರೇಷ್ಠ ನಟಿಗೆ ಕೊಡುವ ಟೋನಿ ಪ್ರಶಸ್ತಿ ಅವರಿಗೆ ಬಂತು. ನಾಟಕದ ಧ್ವನಿಮುದ್ರಿಕೆಗೆ ಮರುವರ್ಷ ಗ್ರ್ಯಾಮಿ ಸಿಕ್ಕಿತು. ಕೊನೆಯ ಪ್ರದರ್ಶನ ನಡೆದದ್ದು 2017ರ ಜನವರಿ 8ರಂದು, ಎರಿವೊ ಅವರಿಗೆ ಮೂವತ್ತು ತುಂಬಿದ ದಿನ.

ಸಿನಿಮಾ ಅವರನ್ನು ಕರೆದದ್ದು ಆಮೇಲೆ. 2018ರಲ್ಲಿ ಎರಡು ಚಿತ್ರಗಳು ಒಟ್ಟೊಟ್ಟಿಗೆ ಬಂದವು. ‘ಬ್ಯಾಡ್ ಟೈಮ್ಸ್ ಅಟ್ ದಿ ಎಲ್ ರಾಯಲ್’ನಲ್ಲಿ ಅವರು ಗಾಯಕಿ, ಚಿತ್ರೀಕರಣದ ಜಾಗದಲ್ಲೇ ನೇರವಾಗಿ ಹಾಡಿದರು. ಸ್ಟೀವ್ ಮೆಕ್ವೀನ್ ಅವರ ‘ವಿಡೋಸ್’ನಲ್ಲಿ ಹೊಟ್ಟೆಪಾಡಿಗಾಗಿ ಎರಡು ಕಡೆ ದುಡಿಯುವ, ಬಸ್ಸು ಹಿಡಿಯಲು ಉಸಿರುಗಟ್ಟಿ ಓಡುವ ಬೆಲ್ ಎಂಬ ಹೆಣ್ಣುಮಗಳಾದರು. ಅದರಲ್ಲಿ ಹಾಡಿನ ಆಸರೆ ಇಲ್ಲ.