ಅದೇ ಹಾಡು, ಬೇರೆ ಏಟು

ದಾವಣಗೆರೆಯ ಓದುಗರೊಬ್ಬರು ಹೋದ ತಿಂಗಳು ಕೇಳಿದ ಪ್ರಶ್ನೆ ಇದು. ಅವರ ಒಂಬತ್ತು ವರ್ಷದ ಮಗಳಿಗೆ ಒಂದು ಹಿಪ್‌ಹಾಪ್ ಹಾಡೆಂದರೆ ಪ್ರಾಣ. ಅಮ್ಮನ ಮೊಬೈಲಿನಲ್ಲಿ ಹಾಕಿಕೊಂಡು ಮಂಚದ ಮೇಲೆ ಕುಣಿಯುತ್ತಾಳೆ. ಅದೇ ಹಾಡನ್ನು ದೊಡ್ಡಪ್ಪನ ಮಗ ಹಾಲ್‌ನ ಹೋಮ್ ಥಿಯೇಟರಿನಲ್ಲಿ ಹಾಕಿದನೋ, ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಾಳೆ. "ಹೊಟ್ಟೆಯೊಳಗೆ ಯಾರೋ ಗುದ್ದಿದ ಹಾಗಾಗುತ್ತೆ" ಅನ್ನುತ್ತಾಳಂತೆ. ಅಣ್ಣ ಫೋನಿನ ಆ್ಯಪ್‌ನಲ್ಲಿ ಅಳೆದು 72 ಡೆಸಿಬೆಲ್ ಎಂದು ತೋರಿಸಿದ. ಮನೆಯ ಮಿಕ್ಸಿಯೇ ಇದಕ್ಕಿಂತ ಜೋರು. ಹಾಗಾದರೆ ಹುಡುಗಿ ನಾಟಕ ಮಾಡುತ್ತಿದ್ದಾಳೆಯೇ?

ಖಂಡಿತ ಇಲ್ಲ. ಅನುಮಾನ ಪಡಬೇಕಾದದ್ದು ಹುಡುಗಿಯ ಮೇಲಲ್ಲ, ಆ 72ರ ಮೇಲೆ.

1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬೇರೆ ಬೇರೆ ಶ್ರುತಿಯ ಶಬ್ದಗಳನ್ನು ಜನರಿಗೆ ಕೇಳಿಸಿ, ಯಾವ ಮಟ್ಟದಲ್ಲಿ ಅವು 1000 ಹರ್ಟ್ಜ್‌ನ ಶಬ್ದದಷ್ಟೇ ಜೋರೆನಿಸುತ್ತವೆ ಎಂದು ಗುರುತು ಹಾಕಿದ್ದರು. ಮಂದ್ರದ ಶಬ್ದಗಳಿಗೆ ನಮ್ಮ ಕಿವಿ ಮಂದ ಎಂದು ಅದರಿಂದ ಸ್ಪಷ್ಟವಾಯಿತು. 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ನಮಗೆ ಕೇಳಿಸಬೇಕಾದರೇ 40 ಡೆಸಿಬೆಲ್ ದಾಟಬೇಕು. ಶಬ್ದಮಾಪಕಗಳಲ್ಲಿ ಇಂದಿಗೂ ಬಳಕೆಯಲ್ಲಿರುವ 'ಎ-ವೆಯ್ಟಿಂಗ್' ಹುಟ್ಟಿದ್ದು ಇಲ್ಲಿಂದ. ಅದು 50 ಹರ್ಟ್ಜ್‌ಗೆ ಬರೋಬ್ಬರಿ 30 ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. ಆ ಶಬ್ದ 100 ಡೆಸಿಬೆಲ್‌ನಲ್ಲಿ ಬಡಿಯುತ್ತಿದ್ದರೂ ಮೀಟರ್ 70 ಎಂದೇ ಹೇಳುತ್ತದೆ. ಮೀಟರ್ ಕೊಟ್ಟ ಈ ರಿಯಾಯಿತಿ ಕೋಣೆಯ ಗಾಳಿಯಲ್ಲಿ ಇರುವುದಿಲ್ಲ.

ಅವರ ನಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ. ಮಂದ್ರದ ಶಬ್ದ ಕೇಳಿಸತೊಡಗಿದ ಮೇಲೆ ಬಹಳ ಬೇಗ ಜೋರಾಗುತ್ತದೆ. 1000 ಹರ್ಟ್ಜ್‌ನಲ್ಲಿ ಮೆಲುದನಿಯಿಂದ ಅಬ್ಬರಕ್ಕೆ ಹೋಗಲು 40 ಡೆಸಿಬೆಲ್ ಏರಿಸಬೇಕಾದರೆ, 50 ಹರ್ಟ್ಜ್‌ನಲ್ಲಿ ಸುಮಾರು 25 ಸಾಕು. ಅಣ್ಣನ 'ಸ್ವಲ್ಪವೇ ಏರಿಸಿದ್ದು' ತಂಗಿಗೆ ಸ್ವಲ್ಪವಾಗಿರುವುದಿಲ್ಲ.

ಹಿಪ್‌ಹಾಪ್‌ಗೂ 50 ಹರ್ಟ್ಜ್‌ಗೂ ನಂಟು ಬೆಳೆದ ಕಥೆ ನನಗೆ ಬಹಳ ಇಷ್ಟ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್-808 ಎಂಬ ಡ್ರಮ್ ಯಂತ್ರ ಹೊರತಂದಿತು. ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲ ಎಂದು ಸಂಗೀತಗಾರರು ಮೂಗು ಮುರಿದರು. ಸುಮಾರು 12,000 ಯಂತ್ರ ತಯಾರಿಸಿ 1983ರಲ್ಲಿ ಕಂಪನಿ ಕೈಬಿಟ್ಟಿತು. ಹೊಸ ಯಂತ್ರ ಕೊಳ್ಳಲು ಕಾಸಿಲ್ಲದ ಹುಡುಗರಿಗೆ ಅದು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿತು. ಅಷ್ಟರಲ್ಲಾಗಲೇ ನ್ಯೂಯಾರ್ಕಿನ ಬ್ರಾಂಕ್ಸ್‌ನ ಆಫ್ರಿಕಾ ಬಂಬಾಟಾ ಮತ್ತು ಸಂಗಡಿಗರ 1982ರ 'ಪ್ಲಾನೆಟ್ ರಾಕ್' ಆ ಯಂತ್ರದ ತಾಕತ್ತನ್ನು ತೋರಿಸಿಕೊಟ್ಟಿತ್ತು. ಅದರ ಬೇಸ್ ಡ್ರಮ್ ಅಂದರೆ ಸುಮಾರು 50 ಹರ್ಟ್ಜ್‌ನ, ಬಹುಮಟ್ಟಿಗೆ ಶುದ್ಧವಾದ ಒಂದು ಕಂಪನ: ಢಬ್ ಎಂದು ಬಡಿದು, ಗಂಟೆಯ ಅನುರಣನದಂತೆ ನಿಧಾನವಾಗಿ ಕರಗುತ್ತದೆ. ಆ ಕರಗುವಿಕೆಯನ್ನು ಇನ್ನಷ್ಟು ಉದ್ದಕ್ಕೆಳೆದು, ಶ್ರುತಿ ಕೂಡಿಸಿ, ಹಾಡಿನ ಆಧಾರ ಸ್ವರವನ್ನೇ ಅದರಲ್ಲಿ ಕಟ್ಟಿದವರು ಹಿಪ್‌ಹಾಪ್‌ನವರು. ಇಂದು ಆ ಬೇಸ್‌ಗೆ '808' ಎಂದೇ ಹೆಸರು.

ಈ ಏಟು ದೇಹಕ್ಕೆ ತಾಗುವ ಬಗೆ ನೋಡಿ. ನಡುಗಿವಿಯಲ್ಲಿ ಸ್ಟೆಪೀಡಿಯಸ್ ಎಂಬ ಸ್ನಾಯುವಿದೆ, ಎಲುಬಿಗಂಟಿದ ಸ್ನಾಯುಗಳಲ್ಲೇ ಅತಿ ಪುಟ್ಟದು. ಜೋರು ಶಬ್ದ ಬಂದಾಗ ಬಿಗಿದುಕೊಂಡು, ಮುಖ್ಯವಾಗಿ ಮಂದ್ರದ ಶಬ್ದಗಳನ್ನು ತಡೆಯುವುದು ಅದರ ಕೆಲಸ. ಆದರೆ ಅದಕ್ಕೆ ಎಚ್ಚರವಾಗಲು ಸೆಕೆಂಡಿನ ನೂರರಲ್ಲಿ ಕೆಲವು ಪಾಲು, ಕೆಲವೊಮ್ಮೆ ಹತ್ತರಲ್ಲೊಂದು ಪಾಲು ಸಮಯ ಬೇಕು. ಬಡಿತದ ಮೊದಲ ಏಟು ಅಷ್ಟರಲ್ಲಿ ಒಳಗಾಗಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಜೊತೆಗೆ ಎದೆ, ಹೊಟ್ಟೆಗಳೂ ಈ ಕಂಪನಕ್ಕೆ ನಡುಗುತ್ತವೆ. ಚರ್ಮದಾಳದ ನರತುದಿಗಳು ಅದನ್ನು ಸ್ಪರ್ಶವೆಂದೇ ಮಿದುಳಿಗೆ ವರದಿ ಮಾಡುತ್ತವೆ. 'ಗುದ್ದಿದ ಹಾಗೆ' ಎಂಬುದು ಮಗುವಿನ ಅಲಂಕಾರದ ಮಾತಲ್ಲ, ಕರಾರುವಾಕ್ಕಾದ ವರ್ಣನೆ.

ಈ ಗುದ್ದು ಅಣ್ಣನಿಗೂ ಬೀಳುತ್ತದಲ್ಲ? ಅವನಿಗೆ ಖುಷಿ, ಇವಳಿಗೆ ಯಾತನೆ, ಯಾಕೆ? ನನಗೆ ಅಜ್ಜನ ರೇಡಿಯೋ ನೆನಪಾಗುತ್ತದೆ. ಸೆಲ್ ಸೊರಗಿ ಧಾರವಾಡ ಆಕಾಶವಾಣಿ ಸಣ್ಣಗೆ ಕೇಳಿಸತೊಡಗಿದಾಗ ಅಜ್ಜ ತಿರುಪನ್ನು ಕೊನೆಯವರೆಗೂ ತಿರುಗಿಸಿಡುತ್ತಿದ್ದರು. ಆಮೇಲೆ ಯಾರೋ ಹೊಸ ಸೆಲ್ ಹಾಕಿ, ತಿರುಪು ಇಳಿಸಲು ಮರೆತರೆ, ಪ್ರದೇಶ ಸಮಾಚಾರ ಇಡೀ ಓಣಿಗೆ ಅರಚುತ್ತಿತ್ತು. ನಮ್ಮ ಶ್ರವಣ ಮಾರ್ಗದಲ್ಲೂ ಅಂಥದ್ದೊಂದು ತಿರುಪಿದೆ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದರೆ ಮಿದುಳು ಅದನ್ನು ಏರಿಸುತ್ತದೆ. ಕೆಲವರಲ್ಲಿ ಅದು ಏರಿದ ಜಾಗದಲ್ಲೇ ನಿಂತುಬಿಡುತ್ತದೆ, ಶ್ರವಣ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದರೂ. ಸಾಮಾನ್ಯ ಶಬ್ದವೂ ಅಸಹನೀಯವಾಗುವ ಈ ಸ್ಥಿತಿಯೇ ಹೈಪರ್‌ಅಕ್ಯೂಸಿಸ್. ತಿರುಪಿನ ಈ ವಿವರಣೆಗೆ ಇಂದು ಹೆಚ್ಚಿನ ಒಪ್ಪಿಗೆಯಿದೆ.

ಇದಕ್ಕೊಂದು ಸುಂದರ ಪುರಾವೆಯೂ ಉಂಟು. ಕ್ರೇಗ್ ಫಾರ್ಮ್‌ಬಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಹಜ ಶ್ರವಣದ ಜನ ಎರಡು ವಾರ ಕಿವಿಗೆ ಪ್ಲಗ್ ಹಾಕಿಕೊಂಡರು. ತೆಗೆದಾಗ ಮೊದಲಿಗಿಂತ ಕಡಿಮೆ ಶಬ್ದವೇ ಅವರಿಗೆ ಜೋರೆನಿಸಿತು. ಅಷ್ಟೇ ದಿನ ಕಿವಿಗೆ ಮೆಲುವಾದ ಸೋಯ್ ಶಬ್ದ ಕೇಳಿಸಿಕೊಂಡಾಗ ಸಹನೆ ಹೆಚ್ಚಿತ್ತು. ಸೂಕ್ಷ್ಮ ಕಿವಿಯ ಮಕ್ಕಳಿಗೆ ದಿನವಿಡೀ ಪ್ಲಗ್ ಅಥವಾ ಹೆಡ್‌ಫೋನ್ ಹಾಕಿಬಿಡಿ ಎಂಬ ಸಲಹೆ ಕಂಡಾಗೆಲ್ಲ ನನಗೆ ಕಳವಳವಾಗುವುದು ಇದಕ್ಕೇ. ಮದುವೆಮನೆಯ ಡಿಜೆ ಮುಂದೆ ಅವು ಬೇಕು, ಶಾಂತವಾದ ಮನೆಯಲ್ಲಿ ಬೇಡ.

ಇನ್ನು ಮೊಬೈಲಿನ ಕುಣಿತ. ಉಗುರಿನಷ್ಟು ಚಿಕ್ಕ ಸ್ಪೀಕರಿಗೆ 50 ಹರ್ಟ್ಜ್ ಹೊರಡಿಸುವ ಶಕ್ತಿಯಿಲ್ಲ. 808ರ ಮೇಲಿನ ಅನುಸ್ವರಗಳನ್ನಷ್ಟೇ ಅದು ನುಡಿಸುತ್ತದೆ. ಕೆಳಗಿನ ಮೂಲಸ್ವರವನ್ನು ಮಿದುಳು ತಾನೇ ಊಹಿಸಿಕೊಂಡು ತುಂಬುತ್ತದೆ. ಹುಡುಗಿಗೆ ತಾಳ ಪೂರ್ತಿ ಸಿಗುತ್ತದೆ, ಹೊಟ್ಟೆಗೆ ಗುದ್ದು ಬೀಳುವುದಿಲ್ಲ. ಅವಳು ಓಡಿಹೋಗುವುದು ಹಾಡಿನಿಂದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆ ತಾಯಿಗೆ ನಾನು ಬರೆದದ್ದಿಷ್ಟು: ಮಗಳನ್ನು ಶ್ರವಣ ತಜ್ಞರಿಗೆ ತೋರಿಸಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮಲ್ಲೇ ಇದೆ. ಹೋಮ್ ಥಿಯೇಟರಿನಲ್ಲಿ ವಾಲ್ಯೂಮಿಗಿಂತ ಮೊದಲು ಸಬ್‌ವೂಫರ್ ಇಳಿಸಿ. ಆಮೇಲೆ ರಿಮೋಟನ್ನು ಅವಳ ಕೈಗೇ ಕೊಡಿ. ಮುಂದಿನ ಏಟು ಯಾವಾಗ, ಎಷ್ಟು ಎಂಬುದು ತನ್ನ ಬೆರಳ ತುದಿಯಲ್ಲಿದೆ ಎಂದು ಗೊತ್ತಾದರೆ ಹಾಲ್‌ನಲ್ಲೂ ಕುಣಿದಾಳು.